ಆನುವಂಶಿಕ ರಕ್ತಹೀನತೆಗಳು: ಸಂಪಗಾಂವ ಸೀಮೆಯಲ್ಲಿ ಕಾರಣಶೋಧ ಮತ್ತು ರೋಗಪತ್ತೆಯ ಇತಿಹಾಸ

ವಂಶವಾಹಿಯ ದೋಷದಿಂದ ಕೆಂಪು ರಕ್ತಕಣಗಳು ಸಾಕಷ್ಟು ಹುಟ್ಟದೆ, ಇಲ್ಲವೆ ಹುಟ್ಟಿದವು ಅವಧಿಗೆ ಮೊದಲೇ ಒಡೆದು ಬರುವ ರಕ್ತಹೀನತೆಗಳ ಗುಂಪು ಇದು. ಥಲಸ್ಸೀಮಿಯಾ ಮತ್ತು ಕುಡುಗೋಲು ಕಣ ರೋಗ ಇವುಗಳಲ್ಲಿ ಹೆಚ್ಚು ಪರಿಚಿತ. ಫಾಂಕೋನಿ ರಕ್ತಹೀನತೆ, ಡೈಮಂಡ್–ಬ್ಲ್ಯಾಕ್‌ಫ್ಯಾನ್ ರಕ್ತಹೀನತೆ, ಪೈರುವೇಟ್ ಕೈನೇಸ್ ಕೊರತೆ, ಆನುವಂಶಿಕ ಗೋಲಕಣ ರೋಗ, ಜನ್ಮಜಾತ ಡಿಸ್‌ಎರಿಥ್ರೋಪೊಯೆಟಿಕ್ ರಕ್ತಹೀನತೆ ಮುಂತಾದವು ವಿರಳ.

ಸಂಪಗಾಂವ ಸೀಮೆ ಎಂದರೆ ಇಲ್ಲಿ ಮುಂಬಯಿ ಆಡಳಿತದ ಕಾಲದ ಸಂಪಗಾಂವ ಮತ್ತು ಪರಸಗಡ ತಾಲೂಕುಗಳು ಹಾಗೂ ರಾಮದುರ್ಗ ಸಂಸ್ಥಾನ. ಇಂದಿನ ಲೆಕ್ಕದಲ್ಲಿ ಮುಖ್ಯವಾಗಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳು. ಈ ಭಾಗದ ಬಗ್ಗೆ ಬರೆದವರು ಎರಡು ತಪ್ಪು ದಾರಿ ಹಿಡಿದಿದ್ದಾರೆ. ಕನ್ನಡದ ಆರೋಗ್ಯ ಪುಸ್ತಕಗಳು ರಕ್ತಹೀನತೆಯೆಂದರೆ ಕಬ್ಬಿಣದ ಕೊರತೆಯೆಂದೇ ಹಿಡಿದು ಮುಂದೆ ಸಾಗುತ್ತವೆ. ಸಂಶೋಧನಾ ಲೇಖನಗಳು ಬೆಂಗಳೂರಿನ ಆಸ್ಪತ್ರೆಗಳಲ್ಲಿ ಕಂಡದ್ದನ್ನು ‘ಕರ್ನಾಟಕ’ ಎಂದು ಕರೆಯುತ್ತವೆ. ಮಲಪ್ರಭೆಯ ದಂಡೆಯ ಹಳ್ಳಿಗಳು ಎರಡರಲ್ಲೂ ಕಾಣುವುದಿಲ್ಲ.

ಹಳೆಯ ದಾಖಲೆ

ಬ್ರಿಟಿಷರ ಕಾಲದ ಮರಣ ದಾಖಲೆಗಳಲ್ಲಿ ಸಾವಿನ ಕಾರಣಗಳಿಗೆ ಇದ್ದ ಕಲಮುಗಳು ಬೆರಳೆಣಿಕೆಯಷ್ಟು: ಕಾಲರಾ, ಸಿಡುಬು, ಪ್ಲೇಗು, ಜ್ವರ, ಹೊಟ್ಟೆಬೇನೆ, ಗಾಯ, ಇತರೆ. ಹುಟ್ಟಿ ಆರು ತಿಂಗಳಾಗುತ್ತಲೇ ಬಿಳುಚಿಕೊಂಡು, ಗುಲ್ಮ ಬೆಳೆದು ಹೊಟ್ಟೆ ಉಬ್ಬಿ, ಎರಡು ಮೂರು ವರ್ಷದೊಳಗೆ ತೀರಿಕೊಳ್ಳುತ್ತಿದ್ದ ಥಲಸ್ಸೀಮಿಯಾ ಕೂಸು ‘ಜ್ವರ’ಕ್ಕೋ ‘ಇತರೆ’ಗೋ ಸೇರಿಹೋಗುತ್ತಿತ್ತು. ಮಲೇರಿಯಾದಲ್ಲೂ ಗುಲ್ಮ ಊದುವುದರಿಂದ ಎರಡನ್ನೂ ಬೇರ್ಪಡಿಸುವ ಉಪಾಯ ಆಗಿನ ವೈದ್ಯರ ಕೈಯಲ್ಲಿ ಇರಲಿಲ್ಲ. ಗೋಲಕಣ ರೋಗವಿದ್ದ ಮನೆತನಗಳಲ್ಲಿ ಮತ್ತೆ ಮತ್ತೆ ಬರುವ ಹಳದಿಗಣ್ಣನ್ನು ಕಾಮಾಲೆಯೆಂದು ತಿಳಿದು ನಾಟಿ ಔಷಧ ಕುಡಿಸುವುದು ರೂಢಿ. ಆ ಕಾಮಾಲೆ ತಾನಾಗಿಯೇ ಏರಿಳಿಯುವಂಥದ್ದು. ಇಳಿದಾಗ ಔಷಧಕ್ಕೆ ಹೆಸರು ಬರುತ್ತಿತ್ತು. ಆದ್ದರಿಂದ ಹಳೆಯ ದಾಖಲೆಗಳಲ್ಲಿ ಈ ರೋಗಗಳ ಹೆಸರಿಲ್ಲ ಎಂಬುದನ್ನು ರೋಗಗಳೇ ಇರಲಿಲ್ಲ ಎಂದು ಓದುವಂತಿಲ್ಲ.

ಹೊರಗಿನ ಶೋಧಗಳು

ಈ ರೋಗಗಳ ಶೋಧದ ಕಥೆ ಬೇರೆಡೆ ಸಾಕಷ್ಟು ದಾಖಲಾಗಿದೆ. ಗೋಲಕಣ ರೋಗ ವಂಶಪಾರಂಪರ್ಯವಾದುದೆಂದು ಮಿಂಕೋವ್ಸ್ಕಿ 1900ರಲ್ಲಿ ತೋರಿಸಿದರು. 1910ರಲ್ಲಿ ಶಿಕಾಗೋದ ಹೆರಿಕ್ ಕುಡುಗೋಲು ಆಕಾರದ ಕಣಗಳನ್ನೂ, 1925ರಲ್ಲಿ ಡೆಟ್ರಾಯ್ಟಿನ ಕೂಲಿ ಥಲಸ್ಸೀಮಿಯಾವನ್ನೂ, 1927ರಲ್ಲಿ ಸ್ವಿಟ್ಜರ್ಲೆಂಡಿನ ಫಾಂಕೋನಿ ತನ್ನ ಹೆಸರಿನ ರೋಗವನ್ನೂ ವರ್ಣಿಸಿದರು. ಭಾರತದ ಮೊದಲ ಥಲಸ್ಸೀಮಿಯಾ ವರದಿ 1938ರಲ್ಲಿ ಕಲ್ಕತ್ತೆಯಿಂದ ಬಂತು. 1949ರಲ್ಲಿ ಪಾಲಿಂಗ್ ಕುಡುಗೋಲು ಕಣ ರೋಗವನ್ನು ಅಣುವಿನ ರೋಗವೆಂದು ಕರೆದರು. 1952ರಲ್ಲಿ ಲೇಮನ್ ಮತ್ತು ಕಟ್‌ಬುಶ್ ಅದರ ವಾಹಕರನ್ನು, ಎಂದರೆ ವಂಶವಾಹಿಯ ಒಂದು ಪ್ರತಿಯಲ್ಲಷ್ಟೇ ದೋಷ ಹೊತ್ತವರನ್ನು, ನೀಲಗಿರಿಯ ಗುಡ್ಡಗಾಡು ಸಮುದಾಯಗಳಲ್ಲಿ ಗುರುತಿಸಿದರು. ಮುಂದೆ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರಲ್ಲಿ ಇದೇ ರೋಗವನ್ನು ಹುಡುಕಿ ಚಿಕಿತ್ಸೆಗೆ ತಂದಿತು. ರಾಜ್ಯದ ದಕ್ಷಿಣ ತುದಿಯ ಈ ಕೆಲಸಕ್ಕೆ ಸಿಕ್ಕ ಗಮನ ಉತ್ತರದ ಬಯಲುಸೀಮೆಗೆ ಸಿಗಲಿಲ್ಲ.

ಮುಂಬಯಿಯತ್ತ ಮುಖ

1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದ ಭಾಗ. ದೊಡ್ಡ ಕಾಯಿಲೆಗೆ ಮಿರಜಿನ ಮಿಷನ್ ಆಸ್ಪತ್ರೆ, ಪುಣೆ, ಮುಂಬಯಿ ಎಂಬ ದಾರಿ ಏಕೀಕರಣದ ನಂತರವೂ ಬದಲಾಗಲಿಲ್ಲ. 1957ರಲ್ಲಿ ಹುಬ್ಬಳ್ಳಿಯ ಕರ್ನಾಟಕ ಮೆಡಿಕಲ್ ಕಾಲೇಜು, 1963ರಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜು ಆರಂಭವಾದ ಮೇಲೆ ರಕ್ತ ಏರಿಸುವುದು ಹತ್ತಿರವಾಯಿತು. ಅಪರೂಪದ ಪರೀಕ್ಷೆಗಳು ಮಾತ್ರ ದೂರವೇ ಉಳಿದವು. ಮುಂಬಯಿಯ ಪರೇಲಿನಲ್ಲಿ, ಕೆಇಎಂ ಆಸ್ಪತ್ರೆಯ ಆವರಣದಲ್ಲಿ, ರಕ್ತಗುಂಪುಗಳ ಪರಾಮರ್ಶನ ಕೇಂದ್ರವಾಗಿ ಹುಟ್ಟಿ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆಯಾಗಿ ಬೆಳೆದ ಪ್ರಯೋಗಾಲಯವೇ ಪಶ್ಚಿಮ ಭಾರತದಲ್ಲಿ ಇಂಥ ರೋಗಗಳ ಕೊನೆಯ ಉತ್ತರದ ಜಾಗವಾಯಿತು. ಪೈರುವೇಟ್ ಕೈನೇಸ್ ಕೊರತೆಯಿದ್ದ ಭಾರತೀಯ ರೋಗಿಗಳಲ್ಲಿ ಹೊಸ ವ್ಯತ್ಯಯಗಳನ್ನು ಅಲ್ಲಿನ ಪ್ರಭಾಕರ ಕೇದಾರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದರು. ಉತ್ತರ ಕರ್ನಾಟಕದ್ದೇ ಆದ ದಾಖಲೆಯಲ್ಲಿ 2008ರಲ್ಲಿ ಧಾರವಾಡದಿಂದ ಬಂದ ಹಿಮೋಗ್ಲೋಬಿನ್ ರೋಗಗಳ ಆಸ್ಪತ್ರೆ ಆಧಾರಿತ ಅಧ್ಯಯನ ಮುಖ್ಯವಾದುದು. ಆಸ್ಪತ್ರೆಗೆ ಬಂದವರನ್ನಷ್ಟೇ ಅದು ಎಣಿಸಿತು. ಮನೆಯಲ್ಲೇ ಉಳಿದವರ ಲೆಕ್ಕ ಅದರಿಂದ ಸಿಗದು. ಆದರೂ ಈ ರೋಗಗಳು ಈ ನೆಲದಲ್ಲಿವೆ ಎಂಬುದು ಅಲ್ಲಿಂದ ಮುಂದೆ ಊಹೆಯ ಮಾತಾಗಿ ಉಳಿಯಲಿಲ್ಲ.

ಸಮುದಾಯದ ಹೆಸರಿನ ಗೊಂದಲ

ಭಾರತದ ಥಲಸ್ಸೀಮಿಯಾ ಕುರಿತ ವಿಮರ್ಶಾ ಲೇಖನಗಳಲ್ಲಿ ವಾಹಕರು ಹೆಚ್ಚಿರುವ ಸಮುದಾಯಗಳ ಒಂದು ಪಟ್ಟಿ ಮತ್ತೆ ಮತ್ತೆ ಬರುತ್ತದೆ. ಸಿಂಧಿಗಳು, ಪಂಜಾಬಿಗಳು, ಕಛ್ಛಿಗಳು, ಲೋಹಾಣರು, ಭಾನುಶಾಲಿಗಳ ಜೊತೆಗೆ ‘ಕರ್ನಾಟಕದ ಗೌಡರು ಮತ್ತು ಲಿಂಗಾಯತರು’ ಎಂಬ ಮಾತೂ ಅಲ್ಲಿದೆ. ಬೈಲಹೊಂಗಲ, ಕಿತ್ತೂರು ಭಾಗಕ್ಕೆ ಈ ಸಾಲು ಸಣ್ಣದಲ್ಲ. ಲಿಂಗಾಯತರು ಇಲ್ಲಿ ಬಹುಸಂಖ್ಯೆಯಲ್ಲಿದ್ದಾರೆ. ಮದುವೆ ಸಂಬಂಧಗಳ ಮೇಲೆ ಇಂಥ ಮಾತಿನ ನೆರಳು ಬೀಳುವುದು ಖಚಿತ.

ಆ ಸಾಲನ್ನು ಹಾಗೆಯೇ ಒಪ್ಪುವುದಕ್ಕೆ ಎರಡು ಅಡ್ಡಿಗಳಿವೆ. ಮೊದಲನೆಯದು, ಲಿಂಗಾಯತ ಎಂಬುದು ಒಂದೇ ವಿವಾಹ ವಲಯವಲ್ಲ. ಪಂಚಮಸಾಲಿ, ಬಣಜಿಗ, ಜಂಗಮ, ಗಾಣಿಗ ಮುಂತಾದ ಒಳಪಂಗಡಗಳು ಬಹುಕಾಲದಿಂದ ತಮ್ಮತಮ್ಮಲ್ಲೇ ಹೆಣ್ಣು ಕೊಟ್ಟು ತಂದುಕೊಂಡಿವೆ. ವಂಶವಾಹಿ ಹರಿಯುವುದು ಮದುವೆಯ ದಾರಿಯಲ್ಲಿ. ಒಂದು ಪಂಗಡದ ಪ್ರಮಾಣ ಇನ್ನೊಂದಕ್ಕೆ ಹೊಂದಬೇಕಿಲ್ಲ. ‘ಗೌಡ’ ಎಂಬುದಂತೂ ಹಳೆ ಮೈಸೂರಿನಲ್ಲಿ ಜಾತಿಯನ್ನು ಸೂಚಿಸಿದರೆ ಬೆಳಗಾವಿ ಕಡೆ ಊರ ಪಾಟೀಲಕಿಯನ್ನು ಸೂಚಿಸುತ್ತದೆ. ಎರಡನೆಯ ಅಡ್ಡಿ ಮಾದರಿಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬಹುಕೇಂದ್ರ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಆರು ನಗರಗಳ ಸುಮಾರು 57 ಸಾವಿರ ಕಾಲೇಜು ವಿದ್ಯಾರ್ಥಿಗಳು ಮತ್ತು ಗರ್ಭಿಣಿಯರನ್ನು ಪರೀಕ್ಷಿಸಿದ ಈ ಅಧ್ಯಯನದಲ್ಲಿ ಬೀಟಾ ಥಲಸ್ಸೀಮಿಯಾ ವಾಹಕರ ಒಟ್ಟು ಪ್ರಮಾಣ ಶೇ. 2.78, ನಗರದಿಂದ ನಗರಕ್ಕೆ ಅದು ಶೇ. 1.48ರಿಂದ 3.64ರವರೆಗೆ ಬದಲಾಯಿತು. ಕರ್ನಾಟಕದಿಂದ ಅದರಲ್ಲಿದ್ದ ನಗರ ಬೆಂಗಳೂರು ಒಂದೇ. ಸವದತ್ತಿಯ ದಂಪತಿಗೆ ಆ ಅಂಕಿಯನ್ನು ಅಂಟಿಸುವುದು ಅವೈಜ್ಞಾನಿಕ. ಜಾತಿಯ ಹೆಸರು ಕೇಳಿ ವಾಹಕರೆಂದು ಶಂಕಿಸುವುದು ಅನ್ಯಾಯವೂ ಹೌದು. ಅದೇ ತಪ್ಪಿನ ಇನ್ನೊಂದು ಮುಖ, ಪಟ್ಟಿಯಲ್ಲಿ ಹೆಸರಿಲ್ಲದ ಸಮುದಾಯದವರನ್ನು ಪರೀಕ್ಷೆಯಿಂದಲೇ ಬಿಟ್ಟುಬಿಡುವುದು.

ಒಳಸಂಬಂಧದ ಪಾಲು

ಅಕ್ಕನ ಮಗಳನ್ನು, ಸೋದರಮಾವನ ಇಲ್ಲವೆ ಸೋದರತ್ತೆಯ ಮಗಳನ್ನು ತರುವ ಪದ್ಧತಿ ಈ ಸೀಮೆಯ ಹಲವು ಸಮುದಾಯಗಳಲ್ಲಿದೆ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎಚ್.ಎಸ್. ಸಾವಿತ್ರಿ, ಎ. ರಾಧಾ ರಮಾದೇವಿ ಮುಂತಾದವರು ಕರ್ನಾಟಕದ ನವಜಾತ ಶಿಶುಗಳ ರಕ್ತವನ್ನು ಪರೀಕ್ಷಿಸುತ್ತ ತಂದೆತಾಯಿಯರ ಸಂಬಂಧವನ್ನೂ ಬರೆದುಕೊಂಡರು. ಸುಮಾರು ಮೂರನೇ ಒಂದು ಪಾಲು ಮದುವೆಗಳು ರಕ್ತಸಂಬಂಧದಲ್ಲೇ ಆಗಿದ್ದವು. ಆ ಕೆಲಸ ಅಮೈನೋ ಆಮ್ಲಗಳ ದೋಷಗಳನ್ನು ಕುರಿತದ್ದಾದರೂ ರಕ್ತರೋಗಗಳ ಚರ್ಚೆಗೂ ಅದೇ ಅಡಿಪಾಯವಾಯಿತು.

ಒಳಸಂಬಂಧದ ಪರಿಣಾಮ ಎಲ್ಲ ರೋಗಗಳಲ್ಲೂ ಒಂದೇ ತೂಕದ್ದಲ್ಲ. ವಾಹಕರು ಶೇ. 2.78 ಇರುವಲ್ಲಿ ಸಂಬಂಧವಿಲ್ಲದ ದಂಪತಿಗೆ ತೀವ್ರ ರೂಪವಾದ ಥಲಸ್ಸೀಮಿಯಾ ಮೇಜರ್ ಇರುವ ಮಗು ಹುಟ್ಟುವ ಸಾಧ್ಯತೆ ಸುಮಾರು 5,200ಕ್ಕೆ ಒಂದು. ಮಾವ–ಸೊಸೆಯ, ಎಂದರೆ ಅಕ್ಕನ ಮಗಳನ್ನು ತಂದ ಮದುವೆಯಲ್ಲಿ ಅದು 500–600ಕ್ಕೆ ಒಂದಾಗುತ್ತದೆ, ಹತ್ತರಷ್ಟು. ಐನೂರರಲ್ಲಿ ಒಬ್ಬರಷ್ಟೇ ವಾಹಕರಿರುವ ವಿರಳ ರೋಗವೊಂದನ್ನು ತೆಗೆದುಕೊಂಡರೆ ಹತ್ತು ಲಕ್ಷಕ್ಕೆ ಒಂದಿದ್ದದ್ದು ಸುಮಾರು 8,000ಕ್ಕೆ ಒಂದಾಗುತ್ತದೆ, ನೂರು ಪಟ್ಟಿಗೂ ಮಿಕ್ಕಿದ ಏರಿಕೆ. ರೋಗ ಅಪರೂಪವಾದಷ್ಟೂ ಒಳಸಂಬಂಧದ ಪಾಲು ದೊಡ್ಡದು. ಈ ಲೆಕ್ಕ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಾಗ ಬರುವ ರೋಗಗಳದ್ದು, ಎಲ್ಲ ರಕ್ತಹೀನತೆಗೂ ಇದನ್ನು ಹಚ್ಚಲಾಗದು. ಗೋಲಕಣ ರೋಗದ ಸುಮಾರು ಮುಕ್ಕಾಲು ಪಾಲು, ಡೈಮಂಡ್–ಬ್ಲ್ಯಾಕ್‌ಫ್ಯಾನ್‌ನ ಬಹುಪಾಲು ಪ್ರಕರಣಗಳಿಗೆ ಒಂದೇ ದೋಷಯುಕ್ತ ಪ್ರತಿ ಸಾಕು. ಅದು ಮಗುವಿನಲ್ಲೇ ಹೊಸದಾಗಿ ಮೂಡಿರಲೂಬಹುದು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಎಕ್ಸ್ ವರ್ಣತಂತುವಿನ ಮೂಲಕ ತಾಯಿಯಿಂದ ಮಗನಿಗೆ ಬರುತ್ತದೆ. ಮಗುವಿನ ರಕ್ತ ಕಡಿಮೆಯಾಗಿದ್ದಕ್ಕೆಲ್ಲ ಸಂಬಂಧದಲ್ಲಿ ಮದುವೆಯಾದ ತಾಯಿಯನ್ನು ದೂರುವವರು ಈ ವ್ಯತ್ಯಾಸವನ್ನು ಅರಿಯಬೇಕು.

ಪತ್ತೆಯ ತೊಡಕುಗಳು

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇತ್ತು. ಇದರಲ್ಲಿ ಕಬ್ಬಿಣದ ಕೊರತೆಯ ಪಾಲು ದೊಡ್ಡದು. ಆನುವಂಶಿಕ ರೋಗ ಮರೆಯಾಗುವುದೂ ಈ ಸಂಖ್ಯೆಯ ನಡುವೆಯೇ. ಥಲಸ್ಸೀಮಿಯಾ ವಾಹಕರಲ್ಲೂ ಕಬ್ಬಿಣ ಕೊರತೆಯವರಲ್ಲೂ ಕಣಗಳು ಸಣ್ಣವು, ಬಣ್ಣ ಕಡಿಮೆ. ವಾಹಕರನ್ನು ಗುರುತಿಸುವ ಆಧಾರ ಹಿಮೋಗ್ಲೋಬಿನ್ ಎ2. ವಾಹಕರಲ್ಲಿ ಅದು ಸಾಮಾನ್ಯವಾಗಿ ಶೇ. 3.5ರಿಂದ 4ರ ಮೇಲೇರಿರುತ್ತದೆ. ಕಬ್ಬಿಣ ತೀರಾ ಕಡಿಮೆಯಾದಾಗ ಎ2 ಕೂಡ ಇಳಿಯುವುದರಿಂದ ವಾಹಕರು ಸಾಮಾನ್ಯರಂತೆ ಕಾಣಬಹುದು. ಗಡಿರೇಖೆಯ ಫಲಿತಾಂಶ ಬಂದಾಗ ಕಬ್ಬಿಣ ಕೊಟ್ಟು ಮತ್ತೆ ಪರೀಕ್ಷಿಸಬೇಕು, ಇಲ್ಲವೆ ನೇರವಾಗಿ ಡಿಎನ್‌ಎ ನೋಡಬೇಕು.

ಯಂತ್ರಗಳು ಬರುವ ಮೊದಲು ಮತ್ತು ಈಗಲೂ ಸಣ್ಣ ಪ್ರಯೋಗಾಲಯಗಳಲ್ಲಿ ನಡೆಯುವ ನೆಸ್ಟ್ರಾಫ್ಟ್ ಪರೀಕ್ಷೆ ಬಹಳ ಸರಳ. ಶೇ. 0.36ರ ಉಪ್ಪುನೀರಿಗೆ ಒಂದು ಹನಿ ರಕ್ತ ಹಾಕಿ, ಕೊಳವೆಯ ಹಿಂದೆ ಕಪ್ಪು ಗೆರೆ ಎಳೆದ ಬಿಳಿ ಕಾಗದ ಹಿಡಿಯುತ್ತಾರೆ. ಕಣಗಳು ಒಡೆದರೆ ನೀರು ತಿಳಿಯಾಗಿ ಗೆರೆ ಕಾಣುತ್ತದೆ. ವಾಹಕರ ಕಣಗಳು ಒಡೆಯದೆ ನೀರು ಕದಡಿ ಗೆರೆ ಮರೆಯಾಗುತ್ತದೆ. ಕಬ್ಬಿಣ ಕೊರತೆಯೂ ಇದೇ ಉತ್ತರ ಕೊಡಬಲ್ಲದಾದ್ದರಿಂದ ಮುಂದಿನ ಪರೀಕ್ಷೆ ತಪ್ಪಿಸುವಂತಿಲ್ಲ.

ವಿರಳ ರೋಗಗಳಲ್ಲಿ ದೊಡ್ಡ ತೊಡಕು ಏರಿಸಿದ ರಕ್ತ. ಬಿಳುಚಿಕೊಂಡ ಮಗುವಿಗೆ ತಾಲೂಕು ಮಟ್ಟದಲ್ಲಿ ತುರ್ತಾಗಿ ರಕ್ತ ಕೊಡುತ್ತಾರೆ. ಜೀವ ಉಳಿಸಲು ಅದು ಬೇಕೇ ಬೇಕು. ಆದರೆ ಅದಾದ ಕೆಲವು ತಿಂಗಳವರೆಗೆ ಮಗುವಿನ ನಾಳದಲ್ಲಿ ಓಡುವುದು ದಾನಿಯ ಕಣಗಳು. ಆಗ ಪೈರುವೇಟ್ ಕೈನೇಸ್ ಅಳೆದರೆ ದಾನಿಯ ಕಿಣ್ವವನ್ನೇ ಅಳೆದಂತೆ, ಹಿಮೋಗ್ಲೋಬಿನ್ ವಿಂಗಡಿಸಿದರೆ ದಾನಿಯದ್ದೇ ತುಂಬಿರುತ್ತದೆ. ಮೊದಲ ಬಾಟಲಿ ಏರಿಸುವ ಮುಂಚೆ ಎರಡು ಮಿಲಿಲೀಟರಿನಷ್ಟು ರಕ್ತ ತೆಗೆದಿಟ್ಟರೆ ಈ ಗೊಂದಲವೇ ಇಲ್ಲ. ಅದು ತಪ್ಪಿದಾಗ ತಂದೆತಾಯಿಯರ ರಕ್ತ ನೋಡುವುದು, ಇಲ್ಲವೆ ವಂಶವಾಹಿ ಓದುವುದು ಉಳಿದ ದಾರಿ.

ಫಾಂಕೋನಿಯ ಹೊಸ ಸುಳಿವು

ಇತ್ತೀಚಿನ ಶೋಧಗಳಲ್ಲಿ ಈ ಲೇಖನ ಹೆಚ್ಚು ಬೆಲೆ ಕೊಡುವುದು 2020ರಲ್ಲಿ ಪ್ರಕಟವಾದ ಒಂದಕ್ಕೆ. ಫಾಂಕೋನಿ ರಕ್ತಹೀನತೆಯಲ್ಲಿ ಡಿಎನ್‌ಎಯ ಎರಡು ಎಳೆಗಳು ಬೆಸೆದುಕೊಂಡಾಗ ಬಿಡಿಸುವ ವ್ಯವಸ್ಥೆ ಕೆಟ್ಟು ಅಸ್ಥಿಮಜ್ಜೆ ಕುಂದುತ್ತದೆ, ಕ್ಯಾನ್ಸರಿನ ಅಪಾಯ ಏರುತ್ತದೆ. ಕನಿಷ್ಠ ಇಪ್ಪತ್ತೆರಡು ವಂಶವಾಹಿಗಳಲ್ಲಿ ಯಾವುದು ಕೆಟ್ಟರೂ ಈ ರೋಗ ಬರಬಹುದು. ಅವುಗಳಲ್ಲಿ ಎಫ್‌ಎಎನ್‌ಸಿಎಲ್ ಎಂಬುದರಿಂದ ಬಂದ ಪ್ರಕರಣಗಳು ಜಗತ್ತಿನಲ್ಲೇ ಒಂಬತ್ತು ಮಾತ್ರ ವರದಿಯಾಗಿದ್ದವು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸೆಟ್ಟರ ಸಿ. ಚಂದ್ರಶೇಖರಪ್ಪ ಮತ್ತು ಸಂಗಡಿಗರು ದಕ್ಷಿಣ ಏಷ್ಯಾದ ಇನ್ನೂ 13 ಪ್ರಕರಣಗಳನ್ನು ಮುಂದಿಟ್ಟರು. ಹನ್ನೆರಡು ಭಾರತದವು, ಒಂದು ಪಾಕಿಸ್ತಾನದ್ದು. ಎಲ್ಲದರಲ್ಲೂ ಒಂದೇ ವ್ಯತ್ಯಯ: ವಂಶವಾಹಿಯ ಸಂಕೇತದ 1092ನೆಯ ಸ್ಥಾನದಲ್ಲಿ ‘ಜಿ’ ಅಕ್ಷರ ಇರುವಲ್ಲಿ ‘ಎ’.

ಮೇಲ್ನೋಟಕ್ಕೆ ಈ ಬದಲಾವಣೆಯಿಂದ ಏನೂ ಆಗಬಾರದು. ಮೊದಲಿದ್ದ ಸಂಕೇತವೂ ಹೊಸ ಸಂಕೇತವೂ ಕರೆಯುವುದು ಲೈಸೀನ್ ಎಂಬ ಒಂದೇ ಅಮೈನೋ ಆಮ್ಲವನ್ನು. ಗಣಕಯಂತ್ರ ಇದನ್ನು ನಿರಪಾಯಕಾರಿ ಎಂದು ಬದಿಗಿಡುವ ಸಂಭವ ಹೆಚ್ಚು. ಆರ್‌ಎನ್‌ಎಯನ್ನೇ ಪರೀಕ್ಷಿಸಿದಾಗ ತಿಳಿದದ್ದು, ಈ ಒಂದು ಅಕ್ಷರದಿಂದ ವಂಶವಾಹಿಯ ತುಂಡುಗಳನ್ನು ಜೋಡಿಸುವ ಕೆಲಸ ದಾರಿ ತಪ್ಪಿ ಪ್ರೋಟೀನಿನ 24 ಅಮೈನೋ ಆಮ್ಲಗಳೇ ಬಿಟ್ಟುಹೋಗುತ್ತವೆ. ರೋಗಿಗಳೆಲ್ಲ ಒಬ್ಬ ಪೂರ್ವಜರಿಂದ ಇದನ್ನು ಪಡೆದವರೆಂಬುದಕ್ಕೂ ಪುರಾವೆ ಸಿಕ್ಕಿತು. ಯುರೋಪು, ಅಮೆರಿಕದ ರೋಗಿಗಳನ್ನು ನೋಡಿ ಕಟ್ಟಿದ ಪಟ್ಟಿಗಳಿಂದ ಇಲ್ಲಿನ ಮಕ್ಕಳ ರೋಗ ಹುಡುಕುವುದು ಎಷ್ಟು ಅಪೂರ್ಣವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಕಾನೂನು ಮತ್ತು ಯೋಜನೆಗಳು

2018ರ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮ ಪೌಷ್ಟಿಕವಲ್ಲದ ಕಾರಣಗಳನ್ನೂ, ಹಿಮೋಗ್ಲೋಬಿನ್ ರೋಗಗಳ ಸಮೇತ, ತನ್ನ ಆರು ಕೆಲಸಗಳಲ್ಲಿ ಒಂದಾಗಿ ಸೇರಿಸಿತು. 2021ರ ರಾಷ್ಟ್ರೀಯ ವಿರಳ ರೋಗ ನೀತಿಯಲ್ಲಿ ಫಾಂಕೋನಿ ರಕ್ತಹೀನತೆ ಒಂದೇ ಬಾರಿಯ ಚಿಕಿತ್ಸೆಯಿಂದ ಗುಣವಾಗಬಲ್ಲ ಮೊದಲ ಗುಂಪಿನಲ್ಲಿದೆ. 2022ರಿಂದ ನೆರವಿನ ಮಿತಿ 50 ಲಕ್ಷ ರೂಪಾಯಿ. ಕರ್ನಾಟಕದವರು ಇದಕ್ಕೆ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯನ್ನು ಸಂಪರ್ಕಿಸಬೇಕು. ರಾಮದುರ್ಗದ ಕುಟುಂಬಕ್ಕೆ ಅದು ಒಂದು ರಾತ್ರಿಯ ಪ್ರಯಾಣ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹಿಮೋಫಿಲಿಯಾ, ಥಲಸ್ಸೀಮಿಯಾ, ಕುಡುಗೋಲು ಕಣ ರೋಗ ಎಂಬ ಮೂರು ರಕ್ತರೋಗಗಳನ್ನು ಹೆಸರಿಸಿ ಪ್ರಮಾಣಪತ್ರಕ್ಕೆ ಅರ್ಹಗೊಳಿಸಿದೆ. ತಿಂಗಳು ತಿಂಗಳು ರಕ್ತ ಏರಿಸಿಕೊಳ್ಳುವ ಡೈಮಂಡ್–ಬ್ಲ್ಯಾಕ್‌ಫ್ಯಾನ್ ಅಥವಾ ಪೈರುವೇಟ್ ಕೈನೇಸ್ ಕೊರತೆಯ ಮಗುವಿನ ರೋಗದ ಹೆಸರು ಆ ಪಟ್ಟಿಯಲ್ಲಿಲ್ಲ.