ಗಾಳಿಗೂ ತಕ್ಕಡಿ ಹಿಡಿದವರು



ವಿಜ್ಞಾನದ ಪಾಠದಲ್ಲಿ ಆಮ್ಲ ಮತ್ತು ಕ್ಷಾರ ಎಂಬ ಪದಗಳನ್ನು ನೀವು ಓದಿದ್ದೀರಿ. ಉರ್ದುವಿನಲ್ಲಿ ಆಮ್ಲಕ್ಕೆ ತೇಜಾಬ್ ಎನ್ನುತ್ತೇವೆ. ತೇಜ್ ಎಂದರೆ ತೀಕ್ಷ್ಣ, ಆಬ್ ಎಂದರೆ ನೀರು. ಕ್ಷಾರಕ್ಕೆ ಇಂಗ್ಲಿಷಿನಲ್ಲಿರುವ ಆಲ್ಕಲಿ ಎಂಬ ಹೆಸರು ಅರಬ್ಬಿ ಭಾಷೆಯ ‘ಅಲ್-ಕಲೀ’ಯಿಂದ ಬಂದದ್ದು. ಉಪ್ಪುನೆಲದಲ್ಲಿ ಬೆಳೆಯುವ ಗಿಡಗಳನ್ನು ಸುಟ್ಟಾಗ ಸಿಗುವ ಬೂದಿಯ ಹೆಸರು ಅದು. ಅಂತಹ ಬೂದಿಯಿಂದಲೇ ಹಿಂದೆ ಸಾಬೂನು, ಗಾಜು ತಯಾರಾಗುತ್ತಿದ್ದವು. ಇದೇ ಆಲ್ಕಲಿಯ ಹೆಸರಿನಲ್ಲಿ 1863ರಲ್ಲಿ ಬ್ರಿಟನ್ನಿನಲ್ಲಿ ಒಂದು ಕಾಯ್ದೆ ಬಂತು. ಆಮ್ಲ ಅನಿಲವನ್ನು ಅಳೆದು ಜನರಿಗೆ ನ್ಯಾಯ ಕೊಡಿಸಲು ಹೊರಟ ಕಾಯ್ದೆ ಅದು. ಅಳತೆ ಇಲ್ಲದಿದ್ದರೆ ನ್ಯಾಯವೂ ಹೇಗೆ ನಿಂತುಹೋಗುತ್ತದೆ ಎಂಬುದನ್ನು ಆ ಇತಿಹಾಸ ನಮಗೆ ಕಲಿಸುತ್ತದೆ.

ಉಪ್ಪಿನಿಂದ ಸೋಡಾ

ಗಿಡದ ಬೂದಿ ಕಾರ್ಖಾನೆಗಳ ಬೇಡಿಕೆಗೆ ಸಾಲದಾದಾಗ, ಫ್ರಾನ್ಸಿನ ನಿಕೊಲಾ ಲೆಬ್ಲಾಂಕ್ ಉಪ್ಪಿನಿಂದ ಸೋಡಾ ತಯಾರಿಸುವ ವಿಧಾನಕ್ಕೆ 1791ರಲ್ಲಿ ಪೇಟೆಂಟ್ ಪಡೆದರು. ಉಪ್ಪಿಗೆ ಗಂಧಕಾಮ್ಲ ಸೇರಿಸಿ ಕಾಯಿಸುವುದು ಅದರ ಮೊದಲ ಹಂತ. ಆಗ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬರುತ್ತದೆ. ತೇವ ತಗುಲಿದ ಕೂಡಲೇ ಅದು ಹೈಡ್ರೋಕ್ಲೋರಿಕ್ ಆಮ್ಲವಾಗುತ್ತದೆ. 1820ರ ದಶಕದಿಂದ ಲಿವರ್‌ಪೂಲ್, ಸೇಂಟ್ ಹೆಲೆನ್ಸ್, ಮುಂದೆ ವಿಡ್ನೆಸ್ ಪಟ್ಟಣಗಳಲ್ಲಿ ಇಂತಹ ಕಾರ್ಖಾನೆಗಳು ಎದ್ದವು. ಸುತ್ತಲಿನ ಮರಗಳು ಒಣಗಿದವು, ಬೆಳೆ ಸುಟ್ಟುಹೋಯಿತು, ಕಬ್ಬಿಣದ ಸಾಮಾನು ತುಕ್ಕು ಹಿಡಿಯಿತು.

ಪರಿಹಾರ ಗೊತ್ತಿರಲಿಲ್ಲವೆಂದಲ್ಲ. 1836ರಲ್ಲಿಯೇ ವಿಲಿಯಂ ಗಾಸೇಜ್ ಎಂಬವರು ಒಂದು ಗೋಪುರವನ್ನು ರೂಪಿಸಿದ್ದರು. ಅದರೊಳಗೆ ಕೋಕ್ ಇದ್ದಿಲು ತುಂಬಿ, ಮೇಲಿನಿಂದ ನೀರು ಇಳಿಸಿ, ಕೆಳಗಿನಿಂದ ಅನಿಲ ಹಾಯಿಸಿದರೆ ಆಮ್ಲವೆಲ್ಲ ನೀರಿನಲ್ಲಿ ಕರಗಿಬಿಡುತ್ತಿತ್ತು. ಆದರೆ ಎಲ್ಲ ಮಾಲೀಕರೂ ಅದನ್ನು ಸರಿಯಾಗಿ ಬಳಸಲಿಲ್ಲ. ಜನರು ಕೋರ್ಟಿಗೆ ಹೋದರೆ ಅಲ್ಲಿ ಇನ್ನೊಂದು ತೊಡಕು. ಒಂದೇ ಊರಿನಲ್ಲಿ ಹಲವು ಚಿಮಣಿಗಳಿದ್ದಾಗ, ಹೊಲ ಸುಟ್ಟದ್ದು ಯಾರ ಹೊಗೆಯಿಂದ ಎಂದು ಸಾಬೀತು ಮಾಡುವುದು ಹೇಗೆ? ನಷ್ಟ ಕಣ್ಣೆದುರಿಗಿತ್ತು, ಪುರಾವೆ ಮಾತ್ರ ಗಾಳಿಯಲ್ಲಿ ಕರಗಿಹೋಗಿತ್ತು.

ಮಳೆನೀರನ್ನು ಪರೀಕ್ಷಿಸಿದ ವಿಜ್ಞಾನಿ

ಈ ಕೊರತೆಯನ್ನು ತುಂಬಲು ದುಡಿದವರಲ್ಲಿ ಮುಖ್ಯರು ರಾಬರ್ಟ್ ಆಂಗಸ್ ಸ್ಮಿತ್. 1817ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಅವರು ಜರ್ಮನಿಯಲ್ಲಿ ಪ್ರಸಿದ್ಧ ರಸಾಯನ ವಿಜ್ಞಾನಿ ಲೀಬಿಗ್ ಅವರ ಶಿಷ್ಯರಾಗಿ ಕಲಿತು, ನಂತರ ಮ್ಯಾಂಚೆಸ್ಟರಿನಲ್ಲಿ ನೆಲೆಸಿದರು. ಬಟ್ಟೆ ಗಿರಣಿಗಳ ಆ ನಗರದಲ್ಲಿ ಅವರು ಮಳೆನೀರನ್ನು ಹಿಡಿದು ಪರೀಕ್ಷಿಸಿದರು. 1852ರಲ್ಲಿ ಪ್ರಕಟವಾದ ಅವರ ಪ್ರಬಂಧ ಮೂರು ಬಗೆಯ ಗಾಳಿಯನ್ನು ಗುರುತಿಸಿತು. ದೂರದ ಹೊಲಗಳ ಗಾಳಿಯಲ್ಲಿ ಅಮೋನಿಯಾ ಕಾರ್ಬೊನೇಟ್, ನಗರದ ಅಂಚಿನಲ್ಲಿ ಅಮೋನಿಯಾ ಸಲ್ಫೇಟ್, ನಗರದ ಒಳಗೆ ಗಂಧಕಾಮ್ಲ. ಬಟ್ಟೆಯ ಬಣ್ಣ ಮಾಸುವುದಕ್ಕೂ ಕಟ್ಟಡದ ಕಲ್ಲು ಉದುರುವುದಕ್ಕೂ ಈ ಆಮ್ಲವೇ ಕಾರಣವೆಂದು ಅವರು ಕಂಡುಕೊಂಡರು. ಆಮ್ಲ ಮಳೆ ಎಂಬ ಮಾತು ಅವರ 1872ರ ‘ಏರ್ ಅಂಡ್ ರೈನ್’ ಎಂಬ ಗ್ರಂಥದಲ್ಲಿ ಬಂದಿದೆ.

ಈ ನಡುವೆ 1863ರ ಆಲ್ಕಲಿ ಕಾಯ್ದೆ, ಹೊರಬರುವ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೂರಕ್ಕೆ 95 ಭಾಗವನ್ನು ಹಿಡಿದಿಡಲೇಬೇಕೆಂದು ವಿಧಿಸಿತು. ಅದರ ಮೊದಲ ಮುಖ್ಯ ಇನ್‌ಸ್ಪೆಕ್ಟರ್ ಆಗಿ ಸ್ಮಿತ್ ನೇಮಕಗೊಂಡರು. ಅವರ ಕೈಕೆಳಗೆ ಇದ್ದವರು ಕೇವಲ ನಾಲ್ವರು. ಚಿಮಣಿಗೆ ಹೋಗುವ ಗಾಳಿಯ ಇಂತಿಷ್ಟು ಪಾಲನ್ನು ಎಳೆದು, ನೀರಿನ ಮೂಲಕ ಹಾಯಿಸಿ, ಆ ನೀರಿನಲ್ಲಿ ಎಷ್ಟು ಆಮ್ಲ ಸೇರಿದೆ ಎಂದು ನೋಡುವುದು ಅಳತೆಯ ಮೂಲತತ್ತ್ವ. ಹೈಡ್ರೋಕ್ಲೋರಿಕ್ ಆಮ್ಲವಿರುವ ನೀರಿಗೆ ಸಿಲ್ವರ್ ನೈಟ್ರೇಟ್ ಹನಿಸಿದರೆ ಬೆಳ್ಳಗಾಗುತ್ತದೆಂದು ನೀವು ಪ್ರಯೋಗಾಲಯದಲ್ಲಿ ನೋಡಿರಬಹುದು. ಚಿಮಣಿಯೊಳಗಿನ ಗಾಳಿಯ ವೇಗವನ್ನು ಅಳೆಯಲು ಸ್ಮಿತ್ ಅವರ ಸಹಾಯಕ ಆಲ್ಫ್ರೆಡ್ ಫ್ಲೆಚರ್ ಒಂದು ಉಪಕರಣವನ್ನೇ ರೂಪಿಸಿದರು. 1874ರಲ್ಲಿ ಕಾಯ್ದೆ ಇನ್ನಷ್ಟು ಖಚಿತವಾಯಿತು. ಹೊರಹೋಗುವ ಅನಿಲದ ಒಂದು ಘನ ಅಡಿಯಲ್ಲಿ 0.2 ಗ್ರೇನ್, ಅಂದರೆ ಸುಮಾರು 13 ಮಿಲಿಗ್ರಾಂಗಿಂತ ಹೆಚ್ಚು ಆ ಆಮ್ಲ ಇರಕೂಡದು ಎಂದಾಯಿತು. ಈಗ ವಾದಕ್ಕೆ ಜಾಗವಿರಲಿಲ್ಲ. ಅಂಕಿಯೇ ಸಾಕ್ಷಿಯಾಗಿತ್ತು. 1884ರಲ್ಲಿ ತೀರಿಕೊಳ್ಳುವವರೆಗೂ ಸ್ಮಿತ್ ಆ ಹುದ್ದೆಯಲ್ಲಿದ್ದರು.

ಲಂಡನ್ನಿನ ಐದು ದಿನಗಳು

ಆದರೆ ಮನೆ ಮನೆಯ ಕಲ್ಲಿದ್ದಲ ಒಲೆಯಿಂದ ಏಳುವ ಗಂಧಕದ ಡೈ ಆಕ್ಸೈಡ್ ಆಲ್ಕಲಿ ಕಾಯ್ದೆಯ ಹಿಡಿತಕ್ಕೆ ಬರಲಿಲ್ಲ. ಅದರ ಬೆಲೆಯನ್ನು ಲಂಡನ್ 1952ರ ಡಿಸೆಂಬರ್ 5ರಿಂದ 9ರವರೆಗೆ ತೆತ್ತಿತು. ಹೊಗೆ ಬೆರೆತ ಮಂಜು ನಗರವನ್ನು ಮುಚ್ಚಿತು. ಸುಮಾರು 4,000 ಜನ ಸತ್ತರೆಂದು ಆಗಿನ ಅಂದಾಜು. ನಂತರದ ಅಧ್ಯಯನಗಳು ಆ ಸಂಖ್ಯೆ 12,000ದಷ್ಟು ಇದ್ದಿರಬಹುದೆಂದು ಹೇಳಿವೆ. ಅದೃಷ್ಟಕ್ಕೆ ಆ ದಿನಗಳಲ್ಲಿಯೂ ನಗರದಲ್ಲಿ ಅಳತೆ ನಡೆದಿತ್ತು. ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ ನೀರಿನ ಮೂಲಕ ಗಾಳಿ ಹಾಯಿಸಿ, ಉಂಟಾದ ಆಮ್ಲವನ್ನು ಕ್ಷಾರ ಹನಿಸಿ ಲೆಕ್ಕ ಹಾಕುತ್ತಿದ್ದರು. ಹೊಗೆಯ ಗೆರೆ, ಅನಿಲದ ಗೆರೆ, ಸಾವಿನ ಗೆರೆ ಮೂರೂ ನಕ್ಷೆಯ ಮೇಲೆ ಜೊತೆಜೊತೆಯಾಗಿ ಏರಿದ್ದು ಎಲ್ಲರಿಗೂ ಕಂಡಿತು. 1956ರಲ್ಲಿ ಶುದ್ಧ ಗಾಳಿಯ ಕಾಯ್ದೆ ಜಾರಿಗೆ ಬಂತು.

ಅದೇ 1956ರಲ್ಲಿ ಅಮೆರಿಕದ ವೆಸ್ಟ್ ಮತ್ತು ಗೇಕೆ ಎಂಬ ವಿಜ್ಞಾನಿಗಳು ಹೊಸ ವಿಧಾನವೊಂದನ್ನು ಪ್ರಕಟಿಸಿದರು. ವಿಶೇಷ ದ್ರಾವಣದಲ್ಲಿ ಹಿಡಿದ ಗಂಧಕದ ಡೈ ಆಕ್ಸೈಡಿಗೆ ಬಣ್ಣದ ವಸ್ತುವೊಂದನ್ನು ಸೇರಿಸಿದರೆ ನೇರಳೆ ಛಾಯೆ ಮೂಡುತ್ತದೆ. ಛಾಯೆ ಗಾಢವಾದಷ್ಟೂ ಅನಿಲ ಹೆಚ್ಚು. ಇದರ ಸುಧಾರಿತ ರೂಪವನ್ನು ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಅಂಗೀಕರಿಸಿದೆ. ಮಂಡಳಿ 2009ರಲ್ಲಿ ಪ್ರಕಟಿಸಿದ ಮಾನದಂಡದಂತೆ, 24 ಗಂಟೆಗಳ ಸರಾಸರಿಯಲ್ಲಿ ಈ ಅನಿಲ ಒಂದು ಘನ ಮೀಟರ್ ಗಾಳಿಗೆ 80 ಮೈಕ್ರೋಗ್ರಾಂ ಮೀರಬಾರದು. ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.2 ಕಿಲೋ. ಅದರಲ್ಲಿ 80 ಮೈಕ್ರೋಗ್ರಾಂ ಎಂದರೆ ತೂಕದ ಲೆಕ್ಕದಲ್ಲಿ ಸುಮಾರು ಒಂದೂವರೆ ಕೋಟಿಯಲ್ಲಿ ಒಂದು ಪಾಲು!

ತಾಜಮಹಲಿನ ಸಾಕ್ಷಿ

ಇಷ್ಟು ಸೂಕ್ಷ್ಮ ಅಳತೆ ಏಕೆ ಬೇಕೆಂದು ಕೇಳುವಿರಾ? ಆಗ್ರಾದ ಕಡೆ ನೋಡಿ. ಮ್ಯಾಂಚೆಸ್ಟರಿನ ಕಲ್ಲಿನಂತೆ ಅಮೃತಶಿಲೆಯನ್ನೂ ಆಮ್ಲ ತಿನ್ನುತ್ತದೆ. ಮಥುರಾದ ತೈಲ ಶುದ್ಧೀಕರಣಾಗಾರ ಮತ್ತು ಆಗ್ರಾದ ಕಲ್ಲಿದ್ದಲು ಕುಲುಮೆಗಳಿಂದ ತಾಜಮಹಲಿಗೆ ಅಪಾಯವಿದೆ ಎಂದು ವಕೀಲ ಎಂ.ಸಿ. ಮೆಹ್ತಾ 1984ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. ಗಾಳಿಯ ಅಳತೆಯ ವರದಿಗಳನ್ನು ಪರಿಶೀಲಿಸಿದ ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಫೈಝಾನುದ್ದೀನ್ ಅವರು 1996ರ ಡಿಸೆಂಬರ್ 30ರಂದು ತೀರ್ಪು ನೀಡಿದರು. 292 ಕೈಗಾರಿಕೆಗಳು ನೈಸರ್ಗಿಕ ಅನಿಲಕ್ಕೆ ಬದಲಾಗಬೇಕು, ಇಲ್ಲವೇ ಸ್ಥಳಾಂತರಗೊಳ್ಳಬೇಕು ಎಂದಾಯಿತು. ಸ್ಥಳಾಂತರಗೊಳ್ಳುವ ಕಾರ್ಖಾನೆಗಳ ಕಾರ್ಮಿಕರ ಹಕ್ಕುಗಳನ್ನೂ ತೀರ್ಪು ಮರೆಯಲಿಲ್ಲ.

ಅಳತೆ ಅಲ್ಲಿಗೇ ನಿಲ್ಲಲಿಲ್ಲ. ತಾಜ್ ಹಳದಿಯಾಗುತ್ತಿರುವುದಕ್ಕೆ ಧೂಳು ಮತ್ತು ಉರಿಯಿಂದ ಬರುವ ಇಂಗಾಲದ ಕಣಗಳೇ ಮುಖ್ಯ ಕಾರಣವೆಂದು ಭಾರತ ಮತ್ತು ಅಮೆರಿಕದ ವಿಜ್ಞಾನಿಗಳ ಅಧ್ಯಯನವೊಂದು 2015ರಲ್ಲಿ ತಿಳಿಸಿತು. ನೋಡಿ, ಅಳತೆ ತಪ್ಪಿತಸ್ಥನನ್ನು ಹಿಡಿದುಕೊಡುತ್ತದೆ, ನಮ್ಮ ಅವಸರದ ತೀರ್ಮಾನವನ್ನೂ ತಿದ್ದುತ್ತದೆ.

ಪ್ರಿಯ ವಿದ್ಯಾರ್ಥಿಗಳೇ, ಪವಿತ್ರ ಕುರ್‌ಆನಿನ ಸೂರಾ ರಹ್ಮಾನ್‌ನಲ್ಲಿ ಆಕಾಶದ ಜೊತೆಯಲ್ಲೇ ಮೀಝಾನ್, ಅಂದರೆ ತಕ್ಕಡಿಯ ಮಾತು ಬರುತ್ತದೆ. ತೂಕದಲ್ಲಿ ಮೋಸ ಮಾಡುವವರನ್ನು ಎಚ್ಚರಿಸಲು ಮುತಫ್ಫಿಫೀನ್ ಎಂಬ ಸೂರಾವೇ ಇದೆ. ಅಂಗಡಿಯ ತಕ್ಕಡಿ ಎಷ್ಟು ಅಮಾನತ್ತೋ ಗಾಳಿಯ ತಕ್ಕಡಿಯೂ ಅಷ್ಟೇ ಅಮಾನತ್ತು. ಕಾರ್ಖಾನೆಯ ಪಕ್ಕದಲ್ಲಿ ಮನೆ ಮಾಡಿಕೊಂಡವರು ಹೆಚ್ಚಾಗಿ ಬಡವರೇ. ಅವರ ಕೆಮ್ಮಿಗೆ ಕೋರ್ಟಿನಲ್ಲಿ ನಾಲಿಗೆ ಇಲ್ಲ, ಅಂಕಿಗೆ ಇದೆ. ನಿಮ್ಮಲ್ಲಿ ಕೆಲವರಾದರೂ ರಸಾಯನಶಾಸ್ತ್ರ ಕಲಿತು ಆ ಅಂಕಿಯನ್ನು ಪ್ರಾಮಾಣಿಕವಾಗಿ ಬರೆಯುವ ಕೈಗಳಾಗಿರಿ. ಅಂತಹ ಇಲ್ಮ್ ಕೂಡ ಒಂದು ಖಿದ್ಮತ್ ಎಂಬುದನ್ನು ಮರೆಯಬೇಡಿ.