ಅಡಮಾನ ವಂಚನೆ: ಹುಲಗೂರು ಸೀಮೆಯ ಚರಿತ್ರೆ

ಹೊಲ, ಮನೆ ಅಥವಾ ಪ್ಲಾಟನ್ನು ಸಾಲಕ್ಕೆ ಒತ್ತೆಯಿಡುವಾಗ, ಇಲ್ಲವೇ ಒತ್ತೆಯಲ್ಲಿರುವ ಆಸ್ತಿಯನ್ನು ಮಾರುವಾಗ ನಡೆಯುವ ಮೋಸವೇ ಅಡಮಾನ ವಂಚನೆ. ಶಿಗ್ಗಾಂವಿ ತಾಲೂಕಿನ ಹುಲಗೂರು ಮತ್ತು ಸುತ್ತಲಿನ ಸವಣೂರು, ಹಾನಗಲ್ಲ, ಹಿರೇಕೆರೂರು 1997ರಲ್ಲಿ ಹಾವೇರಿ ಜಿಲ್ಲೆಗೆ ಸೇರುವ ಮುನ್ನ ಧಾರವಾಡ ಜಿಲ್ಲೆಯಲ್ಲಿದ್ದವು. ಆ ಜಿಲ್ಲೆ ಒಮ್ಮೆ ಒಳಪಟ್ಟಿದ್ದ ಮುಂಬಯಿ ಆಡಳಿತದ ಗುರುತು ಇಲ್ಲಿನ ಕಾಗದಪತ್ರಗಳಲ್ಲಿ ಇನ್ನೂ ಇದೆ: ಒತ್ತೆಗೆ ಗಹಾಣ, ಪಹಣಿಗೆ ಉತಾರ, ಉತಾರದ ಮೇಲೆ ಏರಿದ ಸಾಲಕ್ಕೆ ಬೋಜಾ.

ಒಂದೇ ಹೊಲವನ್ನು ಇಬ್ಬರಿಗೆ ಒತ್ತೆಯಿಡುವ ಚಾಳಿ ಹೊಸದಲ್ಲ. ಈ ಸೀಮೆಯನ್ನೂ ಆಳಿದ ಕಲ್ಯಾಣ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರ’ ಬರೆದ. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯ ಪ್ರಕಾರ ಬೇರೆ ವ್ಯಾಜ್ಯಗಳಲ್ಲಿ ನಂತರದ ವ್ಯವಹಾರಕ್ಕೆ ಬಲ. ಒತ್ತೆ, ದಾನ, ಕ್ರಯಗಳಲ್ಲಿ ಮಾತ್ರ ಮೊದಲಿನದಕ್ಕೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 48ನೇ ಕಲಮು ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಬ್ರಿಟಿಷರ ಕಾಲದಲ್ಲಿ ಮೋಸದ ದಿಕ್ಕು ಬದಲಾಯಿತು. ಕಂದಾಯವನ್ನು ಕಂತಿನ ದಿನಕ್ಕೆ ನಗದಾಗಿ ಕಟ್ಟಬೇಕಾದ ರೈತ ಸಾವಕಾರನ ಬಾಗಿಲಿಗೆ ಹೋದ. ಓದಲು ಬಾರದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ದಂಗೆ ಎದ್ದು ಸಾಲಪತ್ರಗಳನ್ನು ಸುಟ್ಟರು. ಅದರ ಫಲವೇ 1879ರ ದಖ್ಖನ್ ರೈತರ ಪರಿಹಾರ ಕಾಯ್ದೆ. ಪತ್ರದಲ್ಲಿ ಬರೆದದ್ದರ ಹಿಂದೆ ನಿಜವಾಗಿ ನಡೆದ ವ್ಯವಹಾರವೇನು ಎಂದು ಕೆದಕುವ ಅಧಿಕಾರವನ್ನು ಅದು ನ್ಯಾಯಾಲಯಕ್ಕೆ ಕೊಟ್ಟಿತು. ಕಾಯ್ದೆಗಿಂತ ದೊಡ್ಡ ಆಸರೆ ಬಂದದ್ದು ಪಕ್ಕದ ಗದಗಿನಿಂದ ಎನ್ನಬೇಕು: 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ, ಸಾವಕಾರನಿಲ್ಲದ ಸಾಲಕ್ಕೆ ದಾರಿ ತೋರಿತು.

ಇಷ್ಟಾದರೂ ಒಂದು ಹಳೆಯ ಹೂಟ ಉಳಿದುಕೊಂಡಿತು. ಮಗಳ ಮದುವೆಗೋ ಬೀಜ ಗೊಬ್ಬರಕ್ಕೋ ಹಣ ಬೇಕಾದವನಿಗೆ ಸಾವಕಾರ ಗಹಾಣಪತ್ರ ಬರೆಸುವುದಿಲ್ಲ, ಖರೀದಿಪತ್ರವನ್ನೇ ಬರೆಸುತ್ತಾನೆ. “ರೊಕ್ಕ ಕೊಟ್ಟ ದಿನ ಹೊಲ ತಿರುಗಿ ಬರಕೊಡ್ತೀನಿ” ಎಂಬುದು ಬಾಯಿಮಾತು. ಹೆಚ್ಚೆಂದರೆ ಬೇರೊಂದು ಬಾಂಡ್ ಮೇಲೆ ಎರಡು ಸಾಲು. ಆದರೆ ಆಸ್ತಿ ವರ್ಗಾವಣೆ ಕಾಯ್ದೆಗೆ 1929ರಲ್ಲಿ ಆದ ತಿದ್ದುಪಡಿಯ ನಂತರ, ಹಿಂದಿರುಗಿಸುವ ಷರತ್ತು ಅದೇ ಖರೀದಿಪತ್ರದೊಳಗೆ ಇರದಿದ್ದರೆ ಅದು ಅಡಮಾನ ಎನಿಸಿಕೊಳ್ಳುವುದಿಲ್ಲ. ಅಡಮಾನವಾಗಿದ್ದರೆ ಬಿಡಿಸಿಕೊಳ್ಳುವ ಹಕ್ಕು ರೈತನಿಗೆ ವರ್ಷಗಟ್ಟಲೆ ಇರುತ್ತಿತ್ತು; ಖರೀದಿಯಾದರೆ ಸಹಿ ಬಿದ್ದ ದಿನವೇ ಹೊಲ ಕೈಬಿಟ್ಟಿತು. ಗೊಂದಲ ತಪ್ಪಿಸಲು ತಂದ ಈ ನಿಯಮ ಅಕ್ಷರ ಬಲ್ಲವನಿಗೆ ಅನುಕೂಲವಾಯಿತು ಎಂಬುದೇ ಸರಿಯಾದ ಮಾತು.

ಬ್ಯಾಂಕುಗಳು ಬಂದ ಮೇಲೆ ವಂಚಕ ಸಾಲಗಾರನ ಕಾಲ. ಕೈಬರಹದ ಉತಾರದಲ್ಲಿ ಬೋಜಾ ಬರೆಯದೆ ಬಿಟ್ಟರೆ ಒಂದೇ ಸರ್ವೆ ನಂಬರಿನ ಮೇಲೆ ಸೊಸಾಯಿಟಿಯಲ್ಲೂ ಬ್ಯಾಂಕಿನಲ್ಲೂ ಸಾಲ ಎತ್ತಬಹುದಿತ್ತು. ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ ಈ ಸಂದಿಯನ್ನು ಬಹುಮಟ್ಟಿಗೆ ಮುಚ್ಚಿತು. ಸಾಲ ಈಗ ಉತಾರದ 11ನೇ ಕಾಲಮಿನಲ್ಲಿ ಕಾಣುತ್ತದೆ. ಪಟ್ಟಣದ ಆಸ್ತಿಯಲ್ಲಿ ಮೂಲಪತ್ರವನ್ನು ಬ್ಯಾಂಕಿನಲ್ಲಿಟ್ಟು ಪಡೆಯುವ ಸಾಲಕ್ಕೆ ನೋಂದಣಿ ಕಡ್ಡಾಯವಿರಲಿಲ್ಲ, ಹಾಗಾಗಿ ಬಣ್ಣದ ಜೆರಾಕ್ಸ್ ಇಟ್ಟು ಎರಡನೇ ಬ್ಯಾಂಕನ್ನೂ ನಂಬಿಸಿದವರುಂಟು. ಅದಕ್ಕೆಂದೇ 2011ರಲ್ಲಿ ಸೆರ್ಸಾಯಿ ಎಂಬ ಕೇಂದ್ರ ನೋಂದಣಿ ಆರಂಭವಾಯಿತು. ಅದಕ್ಕೂ ಮೊದಲೇ ಖಾನಾಪುರದ ತೆಲಗಿಯ ನಕಲಿ ಛಾಪಾ ಕಾಗದದ ಹಗರಣ ಛಾಪಾ ಕಾಗದದ ಮೇಲಿದ್ದ ನಂಬಿಕೆಯನ್ನೇ ಅಲುಗಿಸಿತ್ತು.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋಗಿ ಒಕ್ಕಲುತನದವರಲ್ಲದವರೂ ಹೊಲ ಕೊಳ್ಳುವಂತಾಯಿತು. ಎನ್‌ಎ (ಕೃಷಿಯೇತರ ಪರಿವರ್ತನೆ) ಆಗದ ಹೊಲದಲ್ಲಿ ಗುಂಟೆ ಲೆಕ್ಕದ ಪ್ಲಾಟು, ಮುಖತ್ಯಾರ ಪತ್ರದ ಮೇಲಿನ ಮಾರಾಟ, ಸಾಲ ತೀರಿಸದೆ ಪಡೆದ ಮುಂಗಡ, ಇವು ಇಂದಿನ ಮೋಸಗಳು. ಮುಖತ್ಯಾರ ಪತ್ರದಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. 1978ರ ಪಿಟಿಸಿಎಲ್ ಕಾಯ್ದೆಯಂತೆ ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ ಅದು ಕೊಂಡವರ ಕೈಯಲ್ಲಿ ಉಳಿಯುವುದಿಲ್ಲ.

ಕೊಳ್ಳುವವರು ಉತಾರ, ಋಣಭಾರ ಪತ್ರ (ಇಸಿ), ಸೆರ್ಸಾಯಿ ಮೂರನ್ನೂ ನೋಡಬೇಕು. ಖಾಸಗಿ ಸಾವಕಾರನ ಪೆಟ್ಟಿಗೆಯಲ್ಲಿರುವ ನೋಂದಣಿಯಾಗದ ಬಾಂಡ್ ಈ ಮೂರರಲ್ಲಿ ಯಾವುದರಲ್ಲೂ ಕಾಣದು. ಮೂಲ ಖರೀದಿಪತ್ರವನ್ನು ಕಣ್ಣಾರೆ ಕಾಣುವ ತನಕ ಮುಂಗಡ ಕೊಡಬೇಡಿ.