ಗುಂಡುತೋಪುಗಳೂ ನಮ್ಮ ಸಭಾಸ್ಥಾನಗಳೂ

ನಾಲ್ಕು ಜನ ಒಂದೆಡೆ ಸೇರಬೇಕಾದಾಗ ಮೊದಲು ಹುಟ್ಟುವ ಪ್ರಶ್ನೆ 'ಎಲ್ಲಿ?' ಎಂಬುದು. ಮದುವೆಯಾಗಲಿ, ಜಾತ್ರೆಯಾಗಲಿ, ಸಾಹಿತ್ಯಸಭೆಯಾಗಲಿ, ಸ್ಥಳ ನಿಶ್ಚಯವಾಗದೆ ಮಿಕ್ಕ ಯಾವ ಏರ್ಪಾಡೂ ಮುಂದುವರಿಯದು. ಈ ಪ್ರಶ್ನೆಗೆ ಇಂದು ನಾವು ಕಂಡುಕೊಂಡಿರುವ ಉತ್ತರ ಸುಲಭವಾದುದು. ಎಷ್ಟು ಕುರ್ಚಿ, ಎಷ್ಟು ಬಾಡಿಗೆ, ಎಷ್ಟು ಕಾರುಗಳಿಗೆ ಎಡೆ ಎಂದು ವಿಚಾರಿಸಿ ಮುಂಗಡ ಕೊಟ್ಟು ಬರುತ್ತೇವೆ. ನಮ್ಮ ಪೂರ್ವಿಕರ ಉತ್ತರ ಬೇರೆಯಾಗಿದ್ದಿತು. ಅದನ್ನು ಅವರು ನೆಲದ ಮೇಲೆಯೇ ನೆಟ್ಟು ಹೋಗಿದ್ದಾರೆ. ಇಂದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಎಂಬ ಹೆಸರುಗಳಿಂದ ದೇಶವಿದೇಶಗಳಲ್ಲಿ ಪ್ರಸಿದ್ಧವಾಗಿರುವ ಬೆಂಗಳೂರಿನ ಹೊರವಲಯದಲ್ಲಿ ಆ ಉತ್ತರದ ಅವಶೇಷಗಳು ಅಲ್ಲಲ್ಲಿ ಉಳಿದಿವೆ. ಅವುಗಳ ಚರಿತ್ರೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಈ ಸೀಮೆಯಲ್ಲಿ ವರ್ಷವೆಲ್ಲ ತುಂಬಿ ಹರಿಯುವ ಹೊಳೆಯಿಲ್ಲ. ಮಳೆಯ ನೀರನ್ನು ಏರಿ ಹಾಕಿ ನಿಲ್ಲಿಸಿದ ಕೆರೆಗಳೇ ಇಲ್ಲಿಯ ಜೀವನಾಧಾರ. ಊರುಗಳ ಹೆಸರುಗಳೇ ಇದಕ್ಕೆ ಸಾಕ್ಷಿ. ಪೀಣ್ಯದ ನೆರೆಯ ನಾಗಸಂದ್ರ, ಚೊಕ್ಕಸಂದ್ರ, ಹೊಸೂರು ರಸ್ತೆಯ ಸಿಂಗಸಂದ್ರ, ಬೊಮ್ಮಸಂದ್ರ ಇವುಗಳ ಕೊನೆಯಲ್ಲಿರುವ 'ಸಂದ್ರ'ವು 'ಸಮುದ್ರ' ಶಬ್ದದ ಸವೆದ ರೂಪ. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುವುದು ನಮ್ಮ ನಾಡಿನ ಹಳೆಯ ರೂಢಿ. ಕಾಡುಗೋಡಿಯಲ್ಲಿ ದೊರೆತ, ಚೋಳರ ಕಾಲದ, ಹನ್ನೊಂದನೆಯ ಶತಮಾನದ ಶಾಸನವು ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿದುದನ್ನೂ ದೇವತೆಗಳನ್ನು ಪ್ರತಿಷ್ಠೆ ಮಾಡಿಸಿದುದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ನೀರಿರುವಲ್ಲಿ ದೇವರು, ದೇವರಿರುವಲ್ಲಿ ಜನ ಎಂಬ ಕ್ರಮ ಅಷ್ಟು ಹಿಂದಿನಿಂದ ನಡೆದುಬಂದಿದೆ.

ಸಪ್ತಸಂತಾನವೆಂಬ ಕಲ್ಪನೆಯನ್ನು ವಾಚಕರು ಅರಿಯದವರಲ್ಲ. ಪುತ್ರ, ನಿಧಿ, ಅಗ್ರಹಾರ, ದೇವಾಲಯ, ಕೆರೆ, ವನ, ಕೃತಿ ಈ ಏಳೂ ಮನುಷ್ಯನ ಹೆಸರನ್ನು ಅವನ ಕಾಲಾನಂತರ ಉಳಿಸತಕ್ಕ ಸಂತಾನಗಳೆಂದು ಹಿಂದಿನವರು ಎಣಿಸಿದರು. ಇವುಗಳಲ್ಲಿ ಕೆರೆ, ವನ, ದೇವಾಲಯ ಈ ಮೂರು ಒಂದೆಡೆ ಕೂಡಿದರೆ ಅದೇ ನಮ್ಮ ಹಳ್ಳಿಗಳ ಜಾತ್ರೆಯ ಮೈದಾನ. ಸಭಾಸ್ಥಾನವೆಂದು ಪ್ರತ್ಯೇಕವಾದುದೊಂದನ್ನು ಅವರು ಕಟ್ಟಲಿಲ್ಲ; ಪುಣ್ಯಕಾರ್ಯವೆಂದು ಮಾಡಿದುದೇ ಸಭಾಸ್ಥಾನವಾಯಿತು.

ಹಳೆಯ ಮೈಸೂರು ಸೀಮೆಯಲ್ಲಿ ಈ ವನಕ್ಕೆ ಗುಂಡುತೋಪೆಂದು ಹೆಸರು. ಸಾಮಾನ್ಯವಾಗಿ ಊರಿನ ಅಂಚಿನಲ್ಲಿಯೋ ಕೆರೆಯ ಸಮೀಪದಲ್ಲಿಯೋ ಇರುವ, ಯಾರೊಬ್ಬರ ಸ್ವತ್ತೂ ಅಲ್ಲದ ನೆಲ. ಮಾವು, ಹಲಸು, ನೇರಳೆ, ಹುಣಸೆ, ಹೊಂಗೆ, ಆಲ ಇವು ಅಲ್ಲಿಯ ಮರಗಳು. ಒಂದೊಂದೂ ದೀರ್ಘಾಯುವಾದುದು; ಒಂದೊಂದರಿಂದಲೂ ಊರಿಗೆ ಒಂದು ಪ್ರಯೋಜನವುಂಟು. ಹಣ್ಣಿನ ಫಸಲನ್ನು ಹರಾಜು ಹಾಕಿ ಬಂದ ಹಣವನ್ನು ಊರ ಕೆಲಸಕ್ಕೆ ಬಳಸುತ್ತಿದ್ದರು. ಉದುರಿದ ತರಗು ಬಡವರ ಒಲೆಗೆ, ಹೊಂಗೆಯ ಸೊಪ್ಪು ಗದ್ದೆಯ ಗೊಬ್ಬರಕ್ಕೆ. ದನ ಕಾಯುವವರಿಗೆ ಮಧ್ಯಾಹ್ನದ ನೆರಳು, ಊರೂರು ಅಲೆಯುವ ಕಸುಬಿನವರಿಗೆ ನಾಲ್ಕು ದಿನದ ಬೀಡು. ವರ್ಷಕ್ಕೊಮ್ಮೆ ಜಾತ್ರೆಯ ದಿನ ಊರೆಲ್ಲವೂ ಅಲ್ಲಿ ಸೇರುತ್ತಿದ್ದಿತು.

ಇಂಥ ಸ್ಥಳದಲ್ಲಿ ಸಾವಿರಾರು ಜನ ನೆರೆದರೂ ನೆಲ ಕೆಡದೆ ಉಳಿದುದು ಹೇಗೆ? ಮೊದಲನೆಯದಾಗಿ ಕಾಲದ ಆಯ್ಕೆಯನ್ನು ಗಮನಿಸಬೇಕು. ಈ ಸೀಮೆಯ ಮುಖ್ಯ ಬೆಳೆ ರಾಗಿ. ಅದು ಕೊಯ್ಲಾಗಿ ಕಣದ ಕೆಲಸ ಮುಗಿದ ಮೇಲೆ, ಮುಂಗಾರಿನ ಉಳುಮೆ ತೊಡಗುವವರೆಗೆ, ಹೊಲಗಳು ಬರಿದಾಗಿರುತ್ತವೆ. ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದ ಪ್ರಸಿದ್ಧವಾದ ದನಗಳ ಜಾತ್ರೆ ಪುಷ್ಯಮಾಸದ ಸುಮಾರಿಗೆ ಕೂಡುವುದಕ್ಕೂ, ಗ್ರಾಮದೇವತೆಗಳ ಜಾತ್ರೆಗಳು ಬಹುಮಟ್ಟಿಗೆ ಯುಗಾದಿಯ ಆಚೀಚೆ ನಡೆಯುವುದಕ್ಕೂ ಇದೇ ಅನುಕೂಲ. ಬರಿಯ ಹೊಲವೇ ಗಾಡಿಗಳಿಗೆ ತಂಗುದಾಣ; ಎತ್ತುಗಳು ಬಿಟ್ಟುಹೋದ ಸಗಣಿಯೇ ಮುಂದಿನ ಬೆಳೆಗೆ ಗೊಬ್ಬರ. ಎರಡನೆಯದಾಗಿ, ಊಟಕ್ಕೆ ಮುತ್ತುಗದ ಎಲೆ, ನೀರಿಗೆ ಮಣ್ಣಿನ ಗುಡಾಣ, ದಾರಿಯುದ್ದಕ್ಕೂ ಪಾನಕ ಮಜ್ಜಿಗೆಗಳ ಅರವಟ್ಟಿಗೆ. ಹಬ್ಬ ಮುಗಿದ ಮರುದಿನ ಉಳಿಯುತ್ತಿದ್ದುದೆಲ್ಲವೂ ದನ ತಿನ್ನುವಂಥದು ಅಥವಾ ಮಣ್ಣಾಗುವಂಥದು. ಮೂರನೆಯದೂ ಮುಖ್ಯವಾದುದೂ ಏನೆಂದರೆ, ಅಲ್ಲಿ ನೆರೆದವರೇ ಆ ಸ್ಥಳದ ಕಾವಲುಗಾರರು. ಬರುವ ವರ್ಷವೂ ಅದೇ ಮರದ ಕೆಳಗೆ ಎಲೆ ಹಾಕಬೇಕೆಂದು ಬಲ್ಲವನು ಆ ಮರಕ್ಕೆ ಕೊಡಲಿ ಹಾಕಲಾರ. ಜಾತ್ರೆಯನ್ನು ತೋಪು ಕಾಯ್ದಿತು. ತೋಪನ್ನು ಜಾತ್ರೆ ಕಾಯ್ದಿತು.

ಈ ಪರಸ್ಪರತೆ ಸಡಿಲವಾದುದು ಮೆಲ್ಲಮೆಲ್ಲನೆ. ೧೮೮೨ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ ಜನರ ಸಂಘಕ್ಕೆ ಭೂಮಿಯನ್ನು ದಯಪಾಲಿಸಿದಾಗ ಹುಟ್ಟಿದ ವೈಟ್‌ಫೀಲ್ಡ್ ಬೇಸಾಯವನ್ನೇ ನೆಚ್ಚಿದ ವಸಾಹತು. ಅದರಿಂದ ಸುತ್ತಣ ಹಳ್ಳಿಗಳ ಬಾಳಿಗೆ ದೊಡ್ಡ ಪಲ್ಲಟವಾಗಲಿಲ್ಲ. ಪಲ್ಲಟವಾದುದು ಸುಮಾರು ನೂರು ವರ್ಷಗಳ ತರುವಾಯ. ೧೯೭೦ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶವೂ, ೧೯೭೮ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ ೩೩೨ ಎಕರೆಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಯೂ, ೧೯೯೦ರ ದಶಕದಲ್ಲಿ ವೈಟ್‌ಫೀಲ್ಡಿನ ತಂತ್ರಜ್ಞಾನ ಉದ್ಯಾನವೂ ತಲೆಯೆತ್ತಿದವು. ಲಕ್ಷಾಂತರ ಜನಕ್ಕೆ ಜೀವನೋಪಾಯ ದೊರೆತುದು ಇವುಗಳಿಂದಲೇ ಎಂಬುದನ್ನು ಮರೆಯಲಾಗದು. ಆದರೆ ಬೇಸಾಯ ನಿಂತಲ್ಲಿ ಎತ್ತು ಹೋಯಿತು. ಎತ್ತು ಹೋದಲ್ಲಿ ಗೊಬ್ಬರಕ್ಕೆ ಸೊಪ್ಪು ಬೇಡವಾಯಿತು. ಸೊಪ್ಪು ಬೇಡವಾದಲ್ಲಿ ತೋಪು ಯಾರಿಗೂ ಬೇಡವಾದ ಖಾಲಿ ಜಾಗದಂತೆ ಕಾಣತೊಡಗಿತು. ಪಹಣಿಯಲ್ಲಿ 'ಸರ್ಕಾರಿ ಗುಂಡುತೋಪು' ಎಂಬ ನಮೂದು ಇರುವೆಡೆ ಎಷ್ಟೋ ಕಡೆ ಕಟ್ಟಡಗಳು ಎದ್ದಿವೆ, ನಿವೇಶನಗಳಾಗಿವೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾನಿಲಯದ ಹರಿಣಿ ನಾಗೇಂದ್ರ, ಸೀಮಾ ಮುಂಡೋಲಿ ಮೊದಲಾದ ವಿದ್ವಾಂಸರು ಈ ಹೊರವಲಯದ ತೋಪುಗಳನ್ನು ಊರೂರಿಗೆ ಹೋಗಿ ಪರಿಶೀಲಿಸಿ ಈ ಕ್ಷಯವನ್ನು ದಾಖಲಿಸಿದ್ದಾರೆ. ಗ್ರಾಮದ ಸಾಮುದಾಯಿಕ ಭೂಮಿಗಳ ಒತ್ತುವರಿಯನ್ನು ತೆರವು ಮಾಡಿಸಬೇಕೆಂದು ಸುಪ್ರೀಂ ಕೋರ್ಟು ೨೦೧೧ರ ಜಗಪಾಲ್ ಸಿಂಗ್ ಮೊಕದ್ದಮೆಯಲ್ಲಿ ಎಲ್ಲ ರಾಜ್ಯಗಳಿಗೂ ಆಜ್ಞಾಪಿಸಿತು. ಆಜ್ಞೆಯಿದ್ದರೂ ನಿತ್ಯ ಕಾಯುವವರಿಲ್ಲದ ನೆಲ ಉಳಿಯುವುದು ಕಷ್ಟ.

ನೆಲ ಮಾರ್ಪಟ್ಟು ಉತ್ಸವ ಮಾತ್ರ ಹಳೆಯ ಹಾದಿಯಲ್ಲೇ ನಡೆದರೆ ಏನಾಗುವುದೆಂಬುದಕ್ಕೆ ಆನೇಕಲ್ ತಾಲ್ಲೂಕಿನ ಹುಸ್ಕೂರಿನ ಮದ್ದೂರಮ್ಮನ ಜಾತ್ರೆಯೇ ನಿದರ್ಶನ. ಸುತ್ತಣ ಹಳ್ಳಿಗಳವರು ನೂರು ಅಡಿಗೂ ಮಿಕ್ಕಿದ ತೇರುಗಳನ್ನು ಕಟ್ಟಿ ಹುಸ್ಕೂರಿಗೆ ಎಳೆದು ತರುವ ಈ ಜಾತ್ರೆ ಬಹಳ ವೈಭವದ್ದು. ಕೊಯ್ಲಾದ ಬಯಲುಗಳ ಮೇಲೆ ಎತ್ತುಗಳು ಎಳೆಯುತ್ತಿದ್ದ ತೇರಿಗೆ ಇಂದು ಬಡಾವಣೆಗಳ ನಡುವಣ ಹಾದಿ, ತಲೆಯ ಮೇಲೆ ವಿದ್ಯುತ್ತಂತಿ, ಎಳೆಯಲು ಟ್ರಾಕ್ಟರು. ಎತ್ತರದಲ್ಲಿ ಊರೂರಿಗೆ ಸ್ಪರ್ಧೆ ಬೇರೆ. ೨೦೨೪ರ ಏಪ್ರಿಲಿನಲ್ಲಿ ಒಂದು ತೇರು ಉರುಳಿತು. ೨೦೨೫ರ ಮಾರ್ಚಿಯಲ್ಲಿ ಗಾಳಿಮಳೆಗೆ ಸಿಕ್ಕಿ ಮತ್ತೆ ತೇರುಗಳು ಬಿದ್ದವು, ಪ್ರಾಣಹಾನಿಯೂ ಆಯಿತು. ಭಕ್ತಿಯಲ್ಲಿ ಕೊರತೆಯಿರಲಿಲ್ಲ. ತೇರಿಗೂ ನೆಲಕ್ಕೂ ಇದ್ದ ಅಳತೆ ತಪ್ಪಿದ್ದಿತು.

ಇನ್ನು ನಮ್ಮ ನಾಗರಿಕ ಸಭೆಗಳ ಸ್ಥಿತಿಯನ್ನು ನೋಡೋಣ. ಹೊರವಲಯದ ದೊಡ್ಡ ಸಭಾಭವನವೊಂದರಲ್ಲಿ ಹಾಡುಹಗಲಿನಲ್ಲಿಯೂ ದೀಪ ಉರಿಯಬೇಕು, ಗಾಳಿಯನ್ನು ಯಂತ್ರ ತಂಪು ಮಾಡಬೇಕು, ನೀರನ್ನು ಟ್ಯಾಂಕರು ತರಬೇಕು. ೨೦೨೪ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ ಜಲಮಂಡಳಿಯು ೫,೦೦೦ ರೂಪಾಯಿ ದಂಡ ವಿಧಿಸಬೇಕಾಗಿ ಬಂದುದನ್ನು ಈ ಭಾಗದವರು ಮರೆತಿರಲಾರರು. ಅಂಥ ಊರಿನಲ್ಲಿ ಒಂದು ದಿನದ ಸಮಾರಂಭಕ್ಕೆ ಎಷ್ಟು ಟ್ಯಾಂಕರು ನೀರು ಹೋಯಿತೆಂದು ಕೇಳುವವರು ವಿರಳ. ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ಕರ್ನಾಟಕ ಸರ್ಕಾರ ೨೦೧೬ರಲ್ಲಿಯೇ ನಿಷೇಧಿಸಿತು. ಮುತ್ತುಗದ ಎಲೆಯ ಕಾಲದಲ್ಲಿ ಇಂಥ ನಿಷೇಧದ ಅಗತ್ಯವೇ ಇರಲಿಲ್ಲ.

ಕೆರೆಯೂ ತೋಪೂ ಇಲ್ಲದ ಕಡೆ ಸಭೆ ಸೇರಬೇಕಾದರೆ ಮಾಡತಕ್ಕದ್ದೇನು? ಇದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲಿ ಒಂದು ಉಜ್ಜ್ವಲವಾದ ಮೇಲ್ಪಂಕ್ತಿಯಿದೆ. ೧೯೨೪ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಊರ ಹೊರಗೆ ಗುಡಾರಗಳ ಒಂದು ನಗರವನ್ನೇ ಕಟ್ಟಿ ಅದಕ್ಕೆ ವಿಜಯನಗರವೆಂದು ಹೆಸರಿಟ್ಟರು. ಬರುವ ಜನಕ್ಕೆ ನೀರೆಲ್ಲಿ ಎಂಬ ಚಿಂತೆ ಬಂದಾಗ ಗಂಗಾಧರರಾವ್ ದೇಶಪಾಂಡೆಯವರೇ ಮೊದಲಾದ ಕಾರ್ಯಕರ್ತರು ಅಲ್ಲಿ ದೊಡ್ಡ ಬಾವಿಯೊಂದನ್ನು ತೋಡಿಸಿ ಪಂಪಾಸರೋವರವೆಂದು ಕರೆದರು. ಗುಡಾರಗಳು ಅಂದೇ ಕಿತ್ತುಹೋದವು. ಬಾವಿ ಮಾತ್ರ 'ಕಾಂಗ್ರೆಸ್ ಬಾವಿ'ಯೆಂಬ ಹೆಸರಿನಿಂದ ಇಂದಿಗೂ ಟಿಳಕವಾಡಿಯಲ್ಲಿದೆ. ಎರಡು ದಿನದ ಸಭೆ ತನ್ನ ಹಿಂದೆ ನೀರನ್ನು ಬಿಟ್ಟುಹೋಯಿತು. ಸಪ್ತಸಂತಾನದ ಭಾವನೆ ಹೊಸ ಕಾಲದಲ್ಲಿ ತಾಳಿದ ರೂಪವೆಂದರೆ ಇದೇ.

ಹಾಗೆಂದ ಮಾತ್ರಕ್ಕೆ ಎಲ್ಲ ಸಭೆಗಳನ್ನೂ ಉಳಿದಿರುವ ತೋಪುಗಳಿಗೆ ಒಯ್ಯಬೇಕೆಂದು ನಮ್ಮ ಅಭಿಪ್ರಾಯವಲ್ಲ. ಮರದ ಬುಡಕ್ಕೆ ಸಿಮೆಂಟು ಮೆತ್ತಿ, ಕಾಂಡಕ್ಕೆ ಮೊಳೆ ಹೊಡೆದು ಪತಾಕೆ ಕಟ್ಟಿ, ಬೇರುಗಳ ಮೇಲೆ ಇನ್ನೂರು ಕಾರು ನಿಲ್ಲಿಸಿ, ರಾತ್ರಿಯೆಲ್ಲ ಧ್ವನಿವರ್ಧಕ ಕೂಗಿಸಿದರೆ ಒಂದೇ ಹಬ್ಬಕ್ಕೆ ತೋಪು ಸೊರಗೀತು. ದೇವನಹಳ್ಳಿಯ ಬಳಿಯ ನಲ್ಲೂರಿನ ಹುಣಸೆತೋಪು ೫೪ ಎಕರೆಗಳ ವಿಸ್ತಾರವುಳ್ಳದ್ದು. ಶತಮಾನಗಳ ವಯಸ್ಸಿನ ಮರಗಳುಳ್ಳದ್ದು. ಅದನ್ನು ೨೦೦೭ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು. ನಮ್ಮ ದೇಶದಲ್ಲಿ ಇಂಥ ಮನ್ನಣೆ ಪಡೆದುದರಲ್ಲಿ ಅದೇ ಮೊದಲನೆಯದು. ಅಂಥ ಸ್ಥಳಕ್ಕೆ ಜಂಗುಳಿ ಸಲ್ಲದು. ಮೌನವಾಗಿ ಹೋಗಿ ನೋಡಿ ಬರತಕ್ಕದ್ದು.

ಆದರೆ ಐವತ್ತು ಅರುವತ್ತು ಜನರ ಕಾವ್ಯವಾಚನಕ್ಕೆ, ಒಂದು ಶಾಲೆಯ ಮಕ್ಕಳ ಹಬ್ಬಕ್ಕೆ, ಒಂದು ಕುಟುಂಬದ ವನಭೋಜನಕ್ಕೆ ನೆರೆಯ ಗುಂಡುತೋಪಿಗಿಂತ ಉತ್ತಮವಾದ ಮಂದಿರ ಯಾವುದು? ಮಳೆ ಬಂದರೆ ಗತಿಯೇನೆಂದು ಕೇಳುವರು. ಸ್ಥಳದೊಡನೆ ಕಾಲವನ್ನೂ ಆರಿಸಬೇಕೆಂಬುದೇ ಪೂರ್ವಿಕರ ಪಾಠ. ನವೆಂಬರಿನ ಹಿಂಗಾರಿನಲ್ಲಿ ಸೇರಲಾಗದ ಸಭೆ ಮಾಘಮಾಸದಲ್ಲಿ ಸುಖವಾಗಿ ಸೇರೀತು. ಕಟ್ಟಡವೇ ಬೇಕಾದ ದೊಡ್ಡ ಸಭೆಗಳವರಾದರೂ ಬಾಡಿಗೆಯನ್ನು ವಿಚಾರಿಸುವಾಗಲೇ ಮೂರು ಮಾತನ್ನು ಕೇಳಬಹುದು: ನೀರು ಎಲ್ಲಿಂದ ಬರುತ್ತದೆ, ಎಂಜಲು ಎಲ್ಲಿಗೆ ಹೋಗುತ್ತದೆ, ಬರುವವರು ಬಸ್ಸಿನಲ್ಲಿಯೋ ಮೆಟ್ರೋದಲ್ಲಿಯೋ ಬರಲಾದೀತೆ.

ನಮ್ಮ ಸೀಮೆಯ ಒಂದೊಂದು ಸಂಘವೂ ವರ್ಷಕ್ಕೊಂದು ಸಭೆಯನ್ನಾದರೂ ತನ್ನ ನೆರೆಯ ತೋಪಿನಲ್ಲಿ ನಡೆಸಿ, ಸತ್ತ ಮರದ ಸ್ಥಾನದಲ್ಲಿ ಒಂದು ಸಸಿಯನ್ನು ನೆಟ್ಟು, ಮುಂದಿನ ವರ್ಷ ಅದು ಬದುಕಿದೆಯೇ ಎಂದು ನೋಡಲಿಕ್ಕಾದರೂ ಮತ್ತೆ ಅಲ್ಲಿಗೆ ಹೋದರೆ, ಅಷ್ಟರಮಟ್ಟಿಗೆ ಆ ತೋಪಿಗೆ ಕಾವಲು ದೊರೆತಂತಾಯಿತು.